ಒತ್ತಿದಷ್ಟೂ ಹೊಳಪು

ಧನ್ಯಕುಮಾರ ಪಾಲಿಶ್ ಯಂತ್ರವನ್ನು ಕಾರಿನ ಬಂಪರಿಗೆ ಹಚ್ಚಿದ ರೀತಿ ನೋಡಿದರೆ, ಹೊಳಪು ಕೊಡಲು ಹೊರಟಿದ್ದಾನೋ ಹಳೆಯ ಸೇಡು ತೀರಿಸಿಕೊಳ್ಳಲು ಹೊರಟಿದ್ದಾನೋ ಹೇಳುವುದು ಕಷ್ಟವಾಗಿತ್ತು. ಮೊಣಕೈ ಬಿಗಿಹಿಡಿದು ಎದೆಯ ಭಾರವನ್ನೆಲ್ಲ ಅದರ ಮೇಲೆ ಹೇರಿದ್ದ. ಕಟ್ಟೆಯ ಮೇಲೆ ಆರತಿಗೆ ಬತ್ತಿ ಹೊಸೆಯುತ್ತಿದ್ದ ಹೆಂಡತಿ ತೃಪ್ತಿಯ ಕೈ ನಿಂತಿತು.

ಅಂದು ದೀಪಾವಳಿಯ ಭಾವಬೀಜ. ಆರತಿ ಬೆಳಗಿದ ತಂಗಿ ಬೇಡಿದ್ದನ್ನು ಅಣ್ಣ ಇಲ್ಲ ಎನ್ನಬಾರದ ದಿನ. ತನಗೇನು ಬೇಕೆಂಬುದನ್ನು ತೃಪ್ತಿ ದಸರೆಗೆ ಮೊದಲೇ ಹೇಳಿಬಿಟ್ಟಿದ್ದಳು. ಸಂಕೇಶ್ವರದ ಹೆದ್ದಾರಿಯ ಮೇಲೆ ಅವಳ ಅಣ್ಣ ಗೊಮ್ಮಟೇಶ ಕಟ್ಟಿಸಿದ್ದ ಕಾರು ಪಾಲಿಶ್ ಅಂಗಡಿಯನ್ನು ಗಂಡನ ಕೈಗೆ ಕೊಡಬೇಕು. ಗಂಡ ಒಂದು ಕಡೆ ಗಟ್ಟಿಯಾಗಿ ನಿಂತರೆ ತಾನು ತವರಿನಲ್ಲಿ ಯಾರ ಕಣ್ಣೂ ತಪ್ಪಿಸಿ ಓಡಾಡಬೇಕಾಗಿಲ್ಲ. ಗೊಮ್ಮಟೇಶ ಒಪ್ಪಿದ್ದ. ತನ್ನ ಹಳೆಯ ಬಿಳಿ ಕಾರನ್ನೂ ಹೊಸ ಯಂತ್ರವನ್ನೂ ತಂಗಿಯ ಊರು ಹುಕ್ಕೇರಿಗೆ ತಂದು ಬಿಟ್ಟು, ತಂಗಿಯ ಗಂಡ ದಾಜಿಯವರು ಕೈ ಪಳಗಿಸಿಕೊಳ್ಳಲಿ, ಭಾವಬೀಜಕ್ಕೆ ಬರುವಾಗ ಅಂಗಡಿಯ ಕೀಲಿ ತರುತ್ತೇನೆ ಎಂದು ಹೋಗಿದ್ದ.

ಪಳಗಿದ ಕೈಯನ್ನು ಮತ್ತೆ ಪಳಗಿಸುವುದೇನು ಎಂಬುದು ಧನ್ಯಕುಮಾರನ ವಾದ. ಗೋಕಾಕ, ಮೂಡಲಗಿಯ ಮನೆಗಳಲ್ಲಿ ಅವನು ಫರಸಿ ಕಲ್ಲಿನ ನೆಲಕ್ಕೆ ಪಾಲಿಶ್ ಮಾಡಿದವನು. ಕಲ್ಲಿನ ಕೆಲಸದಲ್ಲಿ ಒಂದೇ ಸೂತ್ರ: ಒತ್ತಿದಷ್ಟೂ ಹೊಳಪು. ಮೂಡಲಗಿಯಲ್ಲಿ ಅವನು ಹೊಳೆಸಿದ ಪಡಸಾಲೆಯಲ್ಲಿ ಆ ಮನೆಯ ಮುದುಕಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಅದನ್ನೂ ಅವನು ತನ್ನ ಕೆಲಸಕ್ಕೆ ಸಿಕ್ಕ ಶಿಫಾರಸು ಎಂಬಂತೆ ಹೇಳಿಕೊಂಡು ತಿರುಗುತ್ತಿದ್ದ. ಹೀಗಾಗಿ ಯಂತ್ರ ಅಂದು ಬೆಳಿಗ್ಗೆಯಷ್ಟೇ ಪೆಟ್ಟಿಗೆಯಿಂದ ಹೊರಬಂದಿತ್ತು.

ಬಾನೆಟ್ಟು, ಬಾಗಿಲು ಹೊಳೆದಿದ್ದವು. ಇದ್ದದ್ದನ್ನು ಹೇಳಬೇಕು, ಚೆನ್ನಾಗಿಯೇ ಹೊಳೆದಿದ್ದವು. ಉಳಿದದ್ದು ಬಂಪರಿನ ಮೂಲೆಯ ಒಂದು ಗುಲಾಬಿ ಕಲೆ. ದಸರೆಯಲ್ಲಿ ಆಯುಧ, ವಾಹನಗಳನ್ನು ಪೂಜಿಸುವ ಖಂಡೆಪೂಜೆಯ ದಿನ ಧನ್ಯಕುಮಾರನ ತಾಯಿ ಸುಂದರಾಬಾಯಿ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಅಲ್ಲಿ ಸ್ವಸ್ತಿಕ ಬರೆದಿದ್ದಳು. ಬಿಸಿಲು ಅದನ್ನು ಬಣ್ಣದೊಳಕ್ಕೇ ಇಳಿಸಿತ್ತು.

“ಕೈ ಹಗುರ ಮಾಡ್ರಿ,” ಎಂದಳು ತೃಪ್ತಿ. “ಯಂತ್ರಾ ಒಂದ ಕಡೆ ನಿಲ್ಲಸಬ್ಯಾಡ್ರಿ, ಆಡಸ್ಕೋತ ಇರ್ರಿ. ಅದು ಕಬ್ಬಿಣ ಅಲ್ಲ, ಪ್ಲಾಸ್ಟಿಕ್. ಕಾವು ಹರದು ಹೋಗಂಗಿಲ್ಲ, ಅಲ್ಲೇ ಕುಂದರತೈತಿ. ಬಣ್ಣಾ ಸುಟ್ಟ ಹೋಗತೈತಿ.”

ಧನ್ಯಕುಮಾರ ಯಂತ್ರ ನಿಲ್ಲಿಸಿದ. ಎದ್ದು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. “ತಣ್ಣಗ ಐತಿ. ಬಿ.ಎಸ್ಸಿ. ಮಾಡಿದಾಕಿ, ಮುಟ್ಟಿ ನೋಡ ಬಾ.”

“ಬಾನೆಟ್ ಅಲ್ರಿ, ಬಂಪರ್ ಮುಟ್ರಿ.”

“ಕಾರ್ ಒಂದ ಐತಿಲ್ಲೋ? ಜ್ವರಾ ಬಂದ್ರ ಹಣಿ ಮುಟ್ಟತಾರ. ಹಿಮ್ಮಡ ಮುಟ್ಟತಾರೇನು?”

ಹೊಸ್ತಿಲಲ್ಲಿ ಕೂತಿದ್ದ ಸುಂದರಾಬಾಯಿ ಮಗನ ಜಾಣತನಕ್ಕೆ ಬಾಯಿತುಂಬ ನಕ್ಕಳು. ಆ ನಗು ಅವನಿಗೆ ಇನ್ನಷ್ಟು ಬಲ ಕೊಟ್ಟಿತು. ಮತ್ತೆ ಕೂತು, ಮೊದಲಿಗಿಂತ ಗಟ್ಟಿಯಾಗಿ ಒತ್ತಿದ. ಮೂಲೆಯ ತಿರುವಿನಲ್ಲಿ ಬಣ್ಣ ತೆಳುವಾಗಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಸುಟ್ಟ ವಾಸನೆ ಎದ್ದಿತು. ಗುಲಾಬಿ ಕಲೆ ಹೋಯಿತು. ಅದರ ಹಿಂದೆಯೇ ಬಿಳಿ ಬಣ್ಣ ಹಾಲಿನ ಕೆನೆಯಂತೆ ಮುದುಡಿ ಸರಿಯಿತು, ಒಳಗಿನ ಕಪ್ಪು ಪ್ಲಾಸ್ಟಿಕ್ಕು ಅಂಗೈಯಗಲ ಹೊರಗೆ ಬಂತು. ಧನ್ಯಕುಮಾರ ಅದನ್ನು ಕೊಳೆಯೆಂದು ತಿಳಿದು ಅದರ ಮೇಲೂ ಒಮ್ಮೆ ಯಂತ್ರ ತಿರುಗಿಸಿದ.

ಮಧ್ಯಾಹ್ನ ಗೊಮ್ಮಟೇಶ ಬಂದ. ಬಂದವನೇ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುದುಡಿದ ಬಣ್ಣದ ಅಂಚಿಗೆ ಉಗುರು ಆಡಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸಬನ ಕೈ ಎಲ್ಲಾದರೂ ಒಂದು ಸಲ ಸುಟ್ಟೇ ಸುಡುತ್ತದೆಂದು ತಿಳಿದೇ ಅವನು ಹಳೆಯ ಕಾರು ಬಿಟ್ಟುಹೋಗಿದ್ದ. ಬಂಪರಿಗೆ ಮತ್ತೆ ಬಣ್ಣ ಹೊಡೆಸಬಹುದು. ತಪ್ಪಾಯಿತು ಎಂಬ ಒಂದು ಮಾತು ಬಂದರೆ ಮುಗಿಯಿತು ಎಂದು ತೃಪ್ತಿ ಗಂಡನ ಮುಖವನ್ನೇ ನೋಡುತ್ತಿದ್ದಳು.

“ಹೊಳಪು ಇನ್ನೇನ ಬರಬೇಕು,” ಎಂದ ಧನ್ಯಕುಮಾರ, “ಅಷ್ಟರಾಗ ನಿಮ್ಮ ತಂಗಿ ಸುಟ್ಟ ಹೋಗತೈತಿ ಅಂತ ಅಪಶಕುನ ನುಡದ್ಲು. ಸುಟ್ಟತು. ಕೆಲಸ ನಡದಾಗ ಮನಿ ಹೆಣಮಕ್ಕಳು ಅಂಥಾ ಮಾತ ಆಡಬಾರದ್ರಿ.”

ಸುಂದರಾಬಾಯಿ ಹೌದೆಂದು ತಲೆಯಾಡಿಸಿದಳು. ಸೊಸೆಯ ನಾಲಿಗೆ ಮೊದಲಿನಿಂದಲೂ ಹಾಗೆಯೇ ಎಂದು ಸಾಕ್ಷಿಯನ್ನೂ ನುಡಿದಳು. ಗೊಮ್ಮಟೇಶ ಏನೋ ಹೇಳಲು ಬಾಯಿ ತೆರೆದ. ತೃಪ್ತಿ ಹೇಳಗೊಡಲಿಲ್ಲ, ಆರತಿಯ ಹೊತ್ತು ಮೀರುತ್ತದೆಂದು ಅವನನ್ನು ಒಳಗೆ ಕರೆದಳು.

ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದಳು, ಆರತಿ ಬೆಳಗಿದಳು. ಗೊಮ್ಮಟೇಶ ಅಂಗಿಯ ಕಿಸೆಯಿಂದ ಅಂಗಡಿಯ ಕೀಲಿ ತೆಗೆದು ಅಂಗೈಯಲ್ಲಿ ಹಿಡಿದ. ಕೊಟ್ಟ ಮಾತು ಮುರಿಯುವವನಲ್ಲ. ರೂಢಿಯಂತೆ, ಏನು ಬೇಕವ್ವಾ ಕೇಳು ಎಂದ. ಧನ್ಯಕುಮಾರ ಗಂಟಲು ಸರಿಮಾಡಿಕೊಂಡು, ಅಂಗಿ ಜಗ್ಗಿಕೊಂಡು, ಮಣೆಯ ಬಾಜೂಕ್ಕೆ ಬಂದು ನಿಂತ.

“ಒಂದು ಸೀರಿ ಕೊಡಸಣ್ಣಾ,” ಎಂದಳು ತೃಪ್ತಿ. “ಬ್ಯಾರೆ ಏನೂ ಬ್ಯಾಡ.”