ಆಸರೆಮನೆಯ ಅಗುಳಿ

"ಈ ಬಾಗಿಲನ್ನ ನಾನೊಬ್ಳೇ ತಲೆ ಮೇಲೆ ಹೊತ್ಕೊಂಡು ಬಂದೆ ಕಣೇ. ಅರ್ಧ ಸುಳ್ಳು. ಆ ತುದೀನ ಬಡಗಿ ಹಿಡ್ಕೊಂಡಿದ್ದ."

ತಾಯಿ-ಮಕ್ಕಳ ಆಸರೆಮನೆಗೆ ಅಂದು ಐವತ್ತು ವರ್ಷ ತುಂಬಿತ್ತು. ಕಾರ್ಯದರ್ಶಿ ಹುಡುಗಿ ನಗುತ್ತ ಮುದುಕಿಯ ಕೈಗೆ ಹಾರ ಕೊಟ್ಟಳು.

"ಸಂಸ್ಥಾಪಕರ ಫೋಟೋಗೆ ನೀವೇ ಹಾಕ್ಬೇಕು ಅಜ್ಜಿ. ನಿಮ್ಮ ಯಜಮಾನ್ರಲ್ವಾ?"

"ಆ ಫೋಟೋಗಿಷ್ಟು ಬೆಂಕಿ ಹಾಕ. ಗಂಡಸಿನ ಹೆಸರಿಲ್ದೆ ಸಂಘ ಆಗಲ್ಲ ಅಂದ್ರು, ಸತ್ತೋನ ಹೆಸರು ಬರೆಸ್ದೆ."

ಅವಳು ಹಾರವನ್ನು ಬಾಗಿಲಿನ ಅಗುಳಿಗೆ ತೂಗುಹಾಕಿದಳು.

"ಅಗುಳಿಗ್ಯಾಕೆ ಅಜ್ಜಿ?"

"ಸಂಘ ಆಗೋಕೂ ಮುಂಚೆ, ಎಲ್ರಿಗಿಂತ ಮೊದಲು ಇಲ್ಲಿಗೆ ಓಡಿಬಂದು ಈ ಅಗುಳಿ ಹಾಕ್ಕೊಂಡು ಕೂತಿದ್ದು ನಾನು, ನನ್ನ ಕೂಸು. ಹೊರಗೆ ಒಬ್ಬ ಮಚ್ಚು ಹಿಡ್ಕೊಂಡು, ಏಳೂರು ಅದುರೋ ಹಂಗೆ ಬಾಗಿಲು ಒದೀತಿದ್ದ. ಅವನ್ಯಾರು, ನೀನೇ ಹೇಳು ನೋಡಾನ."