ದಣಿದ ಕಾಲುಗಳ ಲೆಕ್ಕ

ಉಷಾ ವಿನಯನ ಕೈಯಿಂದ ಫೋನ್ ಕಿತ್ತುಕೊಂಡಳು.

"ಬಿಡು ಅದನ್ನ! ಮೊದಲು ಬ್ಯಾಂಕ್ ಖಾತೆ ನೋಡು. ಮನೆ ತಗೊಳ್ಳೋಕೆ ಅಂತ ಕೂಡಿಟ್ಟಿದ್ರಲ್ಲಿ ಏನು ಉಳಿದಿದೆ ನೋಡು!"

ವಿನಯ ಲ್ಯಾಪ್‌ಟಾಪ್ ತೆರೆದು ನೋಡಿದ. ಮುಖ ಬಿಳಿಚಿಕೊಂಡಿತು. ಪರ್ತ್‌ಗೆ ಬಂದಾಗಿನಿಂದ ಗಂಡ ಹೆಂಡತಿ ಇಬ್ಬರೂ ದುಡಿದು ಹಾಕಿದ ಜಂಟಿ ಖಾತೆ ಅದು. ಈಗ ಎರಡು ತಿಂಗಳ ಬಾಡಿಗೆಗೆ ಸಾಕಾಗುವಷ್ಟಿತ್ತು. ಹೋದದ್ದೆಲ್ಲ ಒಂದೇ ಬೆಟ್ಟಿಂಗ್ ಕಂಪನಿಗೆ ಹೋಗಿತ್ತು.

"ಇಷ್ಟು ಹೋಗಿರೋಕೆ ಸಾಧ್ಯಾನೇ ಇಲ್ಲ ಉಷಾ. ನಾನು ಇಷ್ಟೊಂದು ಹಾಕಿಲ್ಲ."

"ಜೂಜಾಡೋರೆಲ್ಲ ಹೇಳೋದು ಇದನ್ನೇ. ಎಷ್ಟು ಹಾಕಿದೆ ಅಂತ ಲೆಕ್ಕ ಇಟ್ಟಿದ್ದೀಯಾ?"

ಇಟ್ಟಿರಲಿಲ್ಲ. ವೆಲ್ಷ್‌ಪೂಲ್‌ನ ವೇರ್‌ಹೌಸ್ ಕಂಪನಿಯೊಂದರಲ್ಲಿ ಡೇಟಾ ಅನಲಿಸ್ಟ್ ಈ ಪುಣ್ಯಾತ್ಮ. ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಯಾರು ಎಷ್ಟು ಸಲ ಗುರಿ ಇಟ್ಟರು, ಎಷ್ಟು ಸಲ ತಪ್ಪಿದರು, ಎಲ್ಲ ನಾಲಿಗೆಯ ತುದಿಯಲ್ಲಿ. ತನ್ನ ಜೇಬಿನಿಂದ ಹೋದದ್ದೊಂದು ಬಿಟ್ಟು. ಸೋತದ್ದನ್ನು ಬರೆದಿಟ್ಟರೆ ಅದೃಷ್ಟ ಕೆಡುತ್ತದಂತೆ! ಅಂಕಿಅಂಶದಲ್ಲಿ ಎಂ.ಎಸ್ಸಿ. ಮಾಡಿದವನ ಮಾತು ಇದು.

ಎರಡು ಸಾವಿರದ ಹದಿನೇಳರ ಜನವರಿಯ ಭಾನುವಾರ. ಹೊರಗೆ ಬಿಸಿಲು ಸುಡುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಪರ್ತ್ ತಂಡ ತನ್ನೂರಿನಲ್ಲೇ ಬ್ರಿಸ್ಬೇನ್ ತಂಡವನ್ನು ಎದುರಿಸಬೇಕಿತ್ತು. ವಿನಯ ಬ್ರಿಸ್ಬೇನ್ ಮೇಲೆ ಕಟ್ಟಲು ಹೊರಟಾಗಲೇ ಉಷಾ ಫೋನ್ ಕಿತ್ತುಕೊಂಡಿದ್ದು.

"ಇದೊಂದೇ ಸಲ ಉಷಾ, ನಿನ್ನ ದಮ್ಮಯ್ಯ. ಬ್ರಿಸ್ಬೇನ್‌ದು ಈ ಸೀಸನ್ ಅಂಕಿಅಂಶ ನೋಡು. ದೂರದಿಂದ ಹಾಕೋ ಶಾಟ್‌ನಲ್ಲಿ ಅವರನ್ನ ಮೀರಿಸೋರೇ ಇಲ್ಲ. ಗೆದ್ರೆ ಹೋಗಿದ್ರಲ್ಲಿ ಅರ್ಧ ವಾಪಸ್ ಬಂದ್ಬಿಡುತ್ತೆ."

"ಅಂಕಿಅಂಶಕ್ಕೆ ಕಾಲು ನೋಯುತ್ತಾ? ಶುಕ್ರವಾರ ರಾತ್ರಿ ಆ ಹುಡುಗರು ಅಡಿಲೇಡ್‌ನಲ್ಲಿ ಆಡಿದ್ದಾರೆ, ಅದೂ ಓವರ್‌ಟೈಮ್ ತನಕ. ನಿನ್ನೆ ಪೂರ್ತಿ ಏರ್‌ಪೋರ್ಟು, ವಿಮಾನ ಅಂತ ಕಳೆದಿದ್ದಾರೆ. ಇವತ್ತು ಕೊನೇ ಕ್ವಾರ್ಟರ್‌ನಲ್ಲಿ ಅವರಿಗೆ ನೆಗೆಯೋಕೇ ಆಗಲ್ಲ, ಬರೆದಿಟ್ಕೋ."

ವಿನಯ ಕಣ್ಣರಳಿಸಿದ. "ನಿನಗೆ ಹೇಗೆ ಗೊತ್ತು ಇದೆಲ್ಲ?"

"ನಿನ್ನ ಜೊತೆ ಸಂಸಾರ ಮಾಡ್ತಿದ್ದೀನಲ್ಲ. ಬೆಳಗಾದ್ರೆ ಕಿವಿಗೆ ಬೀಳೋದು ಇದೇ ತಾನೆ?"

ಅದೂ ಅಲ್ಲದೆ ಉಷಾ ಫ್ರೀಮ್ಯಾಂಟಲ್‌ನ ಒಂದು ವೃದ್ಧಾಶ್ರಮದಲ್ಲಿ ನರ್ಸ್‌ಗಳಿಗೆ ಪಾಳಿಯ ರೋಸ್ಟರ್ ಹಾಕುವವಳು. ರಾತ್ರಿ ಪಾಳಿ ಮುಗಿಸಿದವಳನ್ನು ಮರುದಿನವೇ ಮತ್ತೆ ಕರೆಸಿದರೆ ಎಂಥ ಜಾಣೆಯೂ ಮಾತ್ರೆ ಅದಲುಬದಲು ಮಾಡುತ್ತಾಳೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸರಿ, ನೀನು ದುಡ್ಡು ಹಾಕೋದು ಬೇಡ. ನಮ್ಮಿಬ್ಬರ ಮಧ್ಯೆ ಪಂತ," ಎಂದಳು. "ಬ್ರಿಸ್ಬೇನ್ ಗೆದ್ರೆ ಇನ್ಮೇಲೆ ನಾನು ತುಟಿಪಿಟಿಕ್ಕೆನ್ನಲ್ಲ. ಪರ್ತ್ ಗೆದ್ರೆ ನಿನ್ನ ಬೆಟ್ಟಿಂಗ್ ಖಾತೆ ಇವತ್ತೇ ಶಾಶ್ವತವಾಗಿ ಮುಚ್ಚಬೇಕು. ನಿನ್ನ ಸಂಬಳ ನೇರ ನನ್ನೊಬ್ಬಳ ಖಾತೆಗೆ ಬರಬೇಕು."

"ಒಪ್ಪದೇ ಇದ್ರೆ?"

"ಇಂಚರಾನ ಕರ್ಕೊಂಡು ಅಡಿಲೇಡ್‌ಗೆ, ಮಾಡ್ಬರಿಲಿರೋ ಅಣ್ಣನ ಮನೆಗೆ ಹೋಗ್ತೀನಿ. ಆಮೇಲೆ ಅಡಿಲೇಡ್ ಬಿಟ್ಟು ಬಾ ಅಂತ ಕಾಲಿಗೆ ಬಿದ್ರೂ ಬರಲ್ಲ."

ತಮಾಷೆಗೆ ಹೇಳಿದ ಮಾತಲ್ಲ ಎಂದು ವಿನಯನಿಗೆ ಅವಳ ದನಿಯಲ್ಲೇ ಗೊತ್ತಾಯಿತು. ಒಪ್ಪಿದ. ಅಂಕಿಅಂಶ ತನ್ನ ಕೈಬಿಡುವುದಿಲ್ಲ ಎಂಬ ಧೈರ್ಯ ಬೇರೆ ಇತ್ತು.

ಆಟ ಶುರುವಾಯಿತು. ಬ್ರಿಸ್ಬೇನ್ ಹುಡುಗರು ಹಾಕಿದ್ದೆಲ್ಲ ಬುಟ್ಟಿಗೆ ಬಿತ್ತು. ಅರ್ಧ ಆಟ ಮುಗಿಯುವಷ್ಟರಲ್ಲಿ ಹನ್ನೆರಡು ಪಾಯಿಂಟ್ ಮುಂದೆ. ವಿನಯ ಸೋಫಾದ ತುದಿಗೆ ಬಂದು ಕೂತಿದ್ದ. ಉಷಾಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಸಿಂಕಿನ ಮುಂದೆ ನಿಂತಳು, ಮತ್ತೆ ಬಂದಳು. ದೇವರೇ, ಇದೊಂದು ಸಲ ಕಾಪಾಡಪ್ಪ, ಇನ್ನೇನೂ ಕೇಳಲ್ಲ ಎಂದು ಬಾಯಿಬಿಟ್ಟೇ ಬೇಡಿಕೊಂಡಳು.

ಒಂಬತ್ತು ವರ್ಷದ ಇಂಚರಾ ಡ್ರಾಯಿಂಗ್ ಬಿಟ್ಟು ತಲೆಯೆತ್ತಿದಳು. "ಅಮ್ಮ, ಯು ಆರ್ ಶೇಕಿಂಗ್."

"ನಿಮ್ಮಪ್ಪನ ದೆಸೆಯಿಂದ ಕಣೇ!"

ವಿನಯ ತಲೆ ತಗ್ಗಿಸಿದ. ಮಗಳೆದುರು ಅಂಥ ಮಾತು ಕೇಳಿ ಅವನಿಗೆ ಬದುಕೇ ಬೇಡ ಅನ್ನಿಸಿತು.

ಕೊನೆಯ ಕ್ವಾರ್ಟರ್ ಬಂತು. ಬ್ರಿಸ್ಬೇನ್‌ನ ಒಂದು ಶಾಟ್ ಬುಟ್ಟಿಯ ಅಂಚಿಗೆ ಬಡಿದು ವಾಪಸ್ಸಾಯಿತು. ಇನ್ನೊಂದು ಅಂಚನ್ನೂ ಮುಟ್ಟಲಿಲ್ಲ. ಹುಡುಗರು ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದರು. ಪರ್ತ್‌ನವರು ಓಡಿದರು, ಕಿತ್ತುಕೊಂಡರು, ಹಾಕಿದರು. ಮೂರು ಪಾಯಿಂಟಿನಿಂದ ಗೆದ್ದೇಬಿಟ್ಟರು.

ಉಷಾ ನೆಲಕ್ಕೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ವಿನಯ ಮಾತು ತಪ್ಪಲಿಲ್ಲ. ಅವಳೆದುರೇ ಬೆಟ್ಟಿಂಗ್ ಖಾತೆ ಮುಚ್ಚಿದ. ಮತ್ತೆ ತೆರೆಯಲು ಆಗುವುದಿಲ್ಲ ಎಂಬ ಎಚ್ಚರಿಕೆಗೆ ಹೂಂ ಎಂದು ಒತ್ತಿದ. ಸಂಬಳವನ್ನು ಹೆಂಡತಿಯ ಖಾತೆಗೆ ಹಾಕಿ ಎಂದು ಆಫೀಸಿಗೆ ಮೇಲ್ ಕಳಿಸಿದ. ಆಮೇಲೆ ಅವಳ ಪಕ್ಕ ನೆಲದ ಮೇಲೆಯೇ ಕೂತ.

"ನೀನಿಲ್ಲದಿದ್ರೆ ಬೀದಿಗೆ ಬಂದ್ಬಿಡ್ತಿದ್ದೆ ಕಣೇ. ಕಳೆದಿದ್ದೆಲ್ಲ ನನ್ನ ತಪ್ಪು. ದುಡಿದು ತೀರಿಸ್ತೀನಿ."

ಉಷಾ ಅವನ ತಲೆ ಸವರಿದಳು. "ಆಗಿದ್ದು ಆಯ್ತು ಬಿಡು. ನೀನು ನಿಲ್ಲಿಸಿದೆಯಲ್ಲ, ಅಷ್ಟು ಸಾಕು."

ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಮೂವರೂ ನಕ್ಕರು. ಇಂಚರಾ ಐಸ್‌ಕ್ರೀಮ್ ಬೇಕೆಂದಳು. ಅಪ್ಪ ಮಗಳು ಹತ್ತಿರದ ಪೆಟ್ರೋಲ್ ಬಂಕಿನ ಅಂಗಡಿಗೆ ಹೊರಟರು. ಉಷಾ ಬಾಗಿಲಲ್ಲಿ ನಿಂತು ಕೈ ಬೀಸಿದಳು.

ಕಾರು ತಿರುವು ದಾಟಿದ ಮೇಲೆ ಅವಳು ಒಳಗೆ ಬಂದು, ಅದೇ ಬೆಟ್ಟಿಂಗ್ ಕಂಪನಿಯಲ್ಲಿ ಎಷ್ಟೋ ತಿಂಗಳಿಂದ ತನ್ನ ಹೆಸರಿಗಿದ್ದ ಖಾತೆ ತೆರೆದು, ಪರ್ತ್ ಗೆದ್ದಿದ್ದಕ್ಕೆ ಬಂದ ದುಡ್ಡಷ್ಟನ್ನೂ ಬರುವ ವಾರ ಸತತ ಪ್ರಯಾಣವಿರುವ ಅಡಿಲೇಡ್ ತಂಡ ಸೋಲುತ್ತದೆ ಎಂದು ಕಟ್ಟಿದಳು.