ಕಾರಣ: ಆಸಕ್ತಿ ಇಲ್ಲ

ಶಾಲೆಯ ಅಡುಗೆಮನೆಯಲ್ಲಿ ನಾಳೆಯ ಬಿಸಿಯೂಟಕ್ಕೆ ಅಕ್ಕಿ ಆರಿಸುತ್ತಾ ಕೂತಿದ್ದೆವು... ನಾನು, ನನ್ನ ಜೊತೆ ಅಡುಗೆ ಮಾಡುವ ದೇವೀರಮ್ಮ.

ಪಕ್ಕದ ಏಳನೇ ತರಗತಿಯಲ್ಲಿ ಮೇಷ್ಟ್ರು ಶಾಲೆಯ ಹಳೇ ದಾಖಲಾತಿ ಪುಸ್ತಕ ಬಿಚ್ಚಿಟ್ಟಿದ್ದರು. ಊರಿನ ಚರಿತ್ರೆಯನ್ನು ಮಕ್ಕಳೇ ಹುಡುಕಬೇಕು, ಚಾರ್ಟ್ ಬರೆದು ಶುಕ್ರವಾರ ಗೋಡೆಗೆ ಹಾಕಬೇಕು.

"ಯಾರೇ ಏನೇ ಹೇಳಲಿ, ಆಧಾರ ಏನು ಅಂತ ಕೇಳ್ಬೇಕು" ಎಂದು ಹೇಳಿಕೊಟ್ಟಿದ್ದರು. ಒಳ್ಳೆಯ ಪಾಠವೇ...

"ಸಾರ್, ಈ ಒಂದೇ ವರ್ಷ ಒಂಬತ್ತು ಹುಡುಗೀರು ಸ್ಕೂಲ್ ಬಿಟ್ಟವ್ರೆ!" ತನುಶ್ರೀ ಓದಿದಳು. "ಕಾರಣ, ಆಸಕ್ತಿ ಇಲ್ಲ. ಎಲ್ರಿಗೂ ಅದೇ!"

"ಒಂಬತ್ತೂ ಸೋಮಾರಿಗಳೇ ಕಣ್ರೋ!" ಯಾರೋ ಕೂಗಿದರು. ತರಗತಿ ಗೊಳ್ಳೆಂದಿತು.

"ಆರನೇ ಹೆಸರು... ದೇವೀರಮ್ಮ."

ಮೊರ ಹಿಡಿದ ಕೈ ನಿಂತಿತು. ದೇವೀರಮ್ಮ ಎದ್ದು ತರಗತಿಯ ಹೊಸ್ತಿಲವರೆಗೆ ಹೋದರು. ಒಳಗೆ ಕಾಲಿಡಲಿಲ್ಲ.

"ಆಸಕ್ತಿ ಇತ್ತು ಸಾ... ಆ ವರ್ಷ ಹಳ್ಳದ ಸೇತುವೆ ಕೊಚ್ಕೊಂಡೋಗಿತ್ತು. ಹುಡುಗ್ರು ಚಡ್ಡಿ ಎತ್ಕೊಂಡು ದಾಟ್ತಿದ್ರು. ನಾವು ಲಂಗ ಎತ್ತಂಗಿತ್ತಾ? ಒಂದಿನ ನಾನು ನೆಂದ್ಕೊಂಡೇ ಬಂದೆ. ಒದ್ದೆ ಬಟ್ಟೇಲಿ ಕೂತ್ಕೋಬ್ಯಾಡ ಅಂತ ಆಗಿನ ಮೇಷ್ಟ್ರು ವಾಪಸ್ ಕಳುಸ್ಬುಟ್ರು. ಮೂರು ತಿಂಗ್ಳು ಸ್ಲೇಟು ಹಿಡ್ಕೊಂಡು ಆ ದಡದಲ್ಲೇ ನಿಂತ್ಕೋತಿದ್ದೋ... ಇಲ್ಲಿ ಗಂಟೆ ಹೊಡೆಯೋದು ಕೇಳಿಸ್ಕೋತಾ."



ತನುಶ್ರೀ ಮೆಲ್ಲಗೆ ಕೇಳಿದಳು. "ಅದಕ್ಕೆ ಆಧಾರ ಏನಜ್ಜಿ?"

ಹೇಳಿಕೊಟ್ಟ ಹಾಗೆಯೇ ಕೇಳಿದ್ದಳು. ಮಗುವಿನದೇನು ತಪ್ಪು...

ದೇವೀರಮ್ಮ ತಮ್ಮ ಕೈ ನೋಡಿಕೊಂಡರು. ಅಕ್ಕಿಯ ಧೂಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಜೊತೆಯವರು ಯಾರಾದ್ರೂ ಇದ್ದಾರೇನಮ್ಮಾ, ಹೇಳೋಕೆ?" ಮೇಷ್ಟ್ರು ಕೇಳಿದರು.

"ಮೂರು ಜನ ತೀರ್ಕೊಂಡ್ರು ಸಾ. ಮಿಕ್ಕೋರು ಯಾವ್ಯಾವೂರಿಗೆ ಮದ್ವೆಯಾಗಿ ಹೋದ್ರೋ..."

"ಇದು ಸರ್ಕಾರಿ ದಾಖಲೆ. ನಾನು ತಿದ್ದೋ ಹಾಗಿಲ್ಲ." ಅವರ ದನಿಯೂ ಇಳಿದಿತ್ತು.

"ಪುಸ್ತಕ ಬ್ಯಾಡ ಸಾ. ಆ ಚಾರ್ಟಿನ ಕೆಳಗೆ, ಪೆನ್ಸಿಲ್‌ನಲ್ಲಾದ್ರೂ, ಸೇತುವೆ ಇರ್ಲಿಲ್ಲ ಅಂತ ಒಂದು ಸಾಲು ಬರೀತೀರಾ?"

ಮನೆಗೆ ಬಿಡುವ ಗಂಟೆ ಹೊಡೆಯಿತು. ಮೇಷ್ಟ್ರು ಪುಸ್ತಕ ಮುಚ್ಚಿದರು. ನಾನು ಮತ್ತೆ ಅಕ್ಕಿ ಆರಿಸತೊಡಗಿದೆ...

ಶುಕ್ರವಾರ ಚಾರ್ಟ್ ಗೋಡೆಗೆ ಬಂತು. ಒಂಬತ್ತು ಹೆಸರು, ಒಂದೇ ಕಾರಣ. ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿಯೇ ಇತ್ತು.

ಕಾಗದದಲ್ಲಿ ಬರೆದವರ ಮಾತಷ್ಟೇ ಉಳಿಯುತ್ತದೆ... ಯಾರ ಬಗ್ಗೆ ಬರೆದರೋ ಅವರ ಮಾತನ್ನು, ಅವರು ಇರುವಾಗಲೇ ನಾವು ಕೇಳಿಕೊಳ್ಳಬೇಕು.

ನಿಮ್ಮ ಮನೆಯಲ್ಲಿ ಅರ್ಧಕ್ಕೇ ಶಾಲೆ ಬಿಟ್ಟವರಿದ್ದರೆ, ಯಾಕೆ ಬಿಟ್ಟಿರಿ ಎಂದು ಇವತ್ತು ಒಮ್ಮೆ ಕೇಳುತ್ತೀರಾ?